ಶುಕ್ರವಾರ ಮೂಡುಬಿದಿರೆ, ಸೋಮವಾರ ಬೆಳ್ತಂಗಡಿ

ನಮ್ಮ ಕಡೆ ಯಾವುದಕ್ಕೂ ಒಂದು ದಿನ ಅಂತ ಉಂಟು. ಮೂಡುಬಿದಿರೆ ಸಂತೆಗೆ ಶುಕ್ರವಾರ, ಬೆಳ್ತಂಗಡಿಯದ್ದಕ್ಕೆ ಸೋಮವಾರ, ದೈವದ ತಂಬಿಲಕ್ಕೆ ಸಂಕ್ರಮಣ, ಕೋಳಿಸಾರಿಗೆ ಆದಿತ್ಯವಾರ. ಮದ್ದಿಗೂ ಹಾಗೆಯೇ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಲ್ಲೇ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು ರಸ ಹಿಂಡಿ, ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಚುಂಯ್ ಎನ್ನಿಸಿ ಬರಿಹೊಟ್ಟೆಗೆ ಕುಡಿಸುತ್ತಾರೆ. ಆಮೇಲೆ ನಾಲಿಗೆಗೆ ಸಮಾಧಾನ ಹೇಳಲು ಮೆಂತೆ ಗಂಜಿ. ಅಷ್ಟು ಒಳ್ಳೆಯ ಮದ್ದಾದರೆ ನಾಳೆಯೂ ಒಂದು ಲೋಟ ಕೊಡಿ ಎಂದವರನ್ನು ನಾನಂತೂ ಕಂಡಿಲ್ಲ. ಕತ್ತಲಲ್ಲಿ ಪಾಲೆಯೆಂದು ಕಾಸರಕದ ತೊಗಟೆ ತಂದರೆ ಜೀವಕ್ಕೇ ಬರುತ್ತದೆಂದು ಹಿರಿಯರು ಹಿಂದಿನ ಹಗಲೇ ಮರ ಗುರುತು ಮಾಡಿಡುತ್ತಾರೆ.

ಇಷ್ಟೆಲ್ಲ ಶಿಸ್ತಿನ ಜನ ಮೆಡಿಕಲ್‌ನ ಮಾತ್ರೆ ಕೈಗೆ ಬಂದದ್ದೇ ತಡ, ಚೀಟಿಯಲ್ಲಿ ಏನೇ ಬರೆದಿರಲಿ, ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಶುರುಮಾಡಿಬಿಡುತ್ತಾರೆ. ಕೆಲವು ಮಾತ್ರೆಗಳು ಈ ಉತ್ಸಾಹವನ್ನು ಸಹಿಸಿಕೊಂಡಾವು. ಮೆಥೊಟ್ರೆಕ್ಸೇಟ್ ಸಹಿಸುವುದಿಲ್ಲ. ಸಂಧಿವಾತಕ್ಕೆ ಕೊಡುವಾಗ ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿದರೆ ಬಾಯೆಲ್ಲ ಹುಣ್ಣೆದ್ದು, ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಂತು, ಪ್ರಾಣ ಹೋದದ್ದೂ ಉಂಟು.

ಈ ಮಾತ್ರೆ ನಮ್ಮ ಮನೆಗೆ ಬಂದದ್ದು ಸಿದ್ಧಕಟ್ಟೆಯ ದೊಡ್ಡಮ್ಮನ ಬೆರಳುಗಳ ದೆಸೆಯಿಂದ. ಅವರು ಬೀಡಿ ಕಟ್ಟಿಯೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಒಬ್ಬಳನ್ನು ಮೂಡುಬಿದಿರೆಗೆ, ಇನ್ನೊಬ್ಬಳನ್ನು ಬೆಳ್ತಂಗಡಿಗೆ ಕೊಟ್ಟಿದ್ದಾರೆ. ಮಡಿಲಲ್ಲಿ ತಡಪೆ, ಕಣ್ಣು ಟಿವಿಯ ಧಾರಾವಾಹಿಯಲ್ಲಿ. ಕತ್ತರಿಸಿದ ಎಲೆಗೆ ಚಿಟಿಕೆ ಹೊಗೆಸೊಪ್ಪು ಉದುರಿಸಿ, ಸುರುಳಿ ಸುತ್ತಿ, ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿ, ನೂಲು ಬಿಗಿದು ಎಸೆಯುವಷ್ಟರಲ್ಲಿ ಇನ್ನೊಂದು ಎಲೆ ಕೈಗೆ ಬಂದಿರುತ್ತಿತ್ತು. ಆ ಉಗುರಿನ ಕೆಲಸವೇ ಮೊದಲು ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲು ಬಾರದು, ಗಂಟುಗಳೆಲ್ಲ ಊದಿ ಬಿಸಿ. ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲ. ಬೀಡಿಯ ಬ್ರಾಂಚಿಗೆ ಕೊಂಡುಹೋದ ಕಟ್ಟುಗಳಲ್ಲಿ ವಾಪಸು ಬರುವುದು ಹೆಚ್ಚಾಯಿತು.

ಊರಿನವರ ತೀರ್ಮಾನ ಒಂದೇ, ಚಿಕುನ್‌ಗುನ್ಯದ ಉಳಿಕೆ. 2008ರಲ್ಲಿ ಆ ಜ್ವರ ನಮ್ಮ ಜಿಲ್ಲೆಯ ಮನೆಮನೆಯನ್ನೂ ಗೋಡೆ ಹಿಡಿದು ನಡೆಸಿದ್ದರಿಂದ ಮತ್ತೆ ಯಾರ ಗಂಟು ನೋಯಲಿ, ಅಪರಾಧಿ ಸಿದ್ಧವಿರುತ್ತಿದ್ದ. ಹಾಗಾಗಿ ಎಣ್ಣೆ ಹಚ್ಚಿದ್ದಾಯಿತು, ಲೇಬಲ್ ಇಲ್ಲದ ಒಂದು ಪುಡಿಯೂ ಆಯಿತು. ಪುಡಿ ಮಾತ್ರ ಮೂರೇ ದಿನದಲ್ಲಿ ಜಾದೂ ಮಾಡಿತು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು, ಜಾದೂ ಅದರದ್ದು, ಸಕ್ಕರೆ ಏರುವುದೂ ಮೂಳೆ ಸವೆಯುವುದೂ ಅದರದ್ದೇ ಎಂದು ಮಂಗಳೂರಿನ ಡಾಕ್ಟರು ಹೇಳಿದ ಮೇಲೆ ದೊಡ್ಡಮ್ಮ ಆ ಪೊಟ್ಟಣವನ್ನು ಗುಡಿಸಿ ತೆಂಗಿನಬುಡಕ್ಕೆ ಹಾಕಿದರು. ಆ ತೆಂಗು ಈಗಲೂ ನೆಟ್ಟಗಿದೆ.

ಡಾಕ್ಟರು ಬರೆದುಕೊಟ್ಟ ಹೊಸ ಮಾತ್ರೆಯ ಹೆಸರನ್ನು ಮೊಮ್ಮಗ ಮೊಬೈಲಿನಲ್ಲಿ ಹುಡುಕಿ, “ಅಜ್ಜಿ, ಇದು ಕ್ಯಾನ್ಸರಿನ ಮದ್ದು” ಎಂದು ಕೂಗಿದ. ಮನೆಯಲ್ಲಿ ಸೂತಕದ ಕಳೆ. ಹುಡುಗ ಸುಳ್ಳು ಹೇಳಿರಲಿಲ್ಲ. ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯ ಓದಿ, ಅಮೆರಿಕ ಸೇರಿದ ಯಲ್ಲಾಪ್ರಗಡ ಸುಬ್ಬರಾವ್ ಅಲ್ಲಿನ ಲೆಡರ್ಲೆ ಪ್ರಯೋಗಾಲಯದ ತಂಡದೊಂದಿಗೆ ಫೋಲಿಕ್ ಆಮ್ಲವನ್ನೂ ಅದಕ್ಕೆ ಅಡ್ಡಗಾಲು ಹಾಕುವ ವಸ್ತುಗಳನ್ನೂ ತಯಾರಿಸಿದರು. ಅವುಗಳಲ್ಲೊಂದಾದ ಅಮಿನೊಪ್ಟೆರಿನ್ ಅನ್ನು ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ಗುಣ ಕಂಡದ್ದನ್ನು 1948ರಲ್ಲಿ ಪ್ರಕಟಿಸಿದರು. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. 1951ರಲ್ಲಿ ಅಮಿನೊಪ್ಟೆರಿನ್ನಿಂದ ಗಂಟುಗಳ ಊತವೂ ಇಳಿಯುತ್ತದೆಂದು ಗೊತ್ತಾಯಿತು. ಅದೇ ಕುಟುಂಬದ ಮೆಥೊಟ್ರೆಕ್ಸೇಟಿಗೆ ಸಂಧಿವಾತದ ಮದ್ದೆಂದು ಅಮೆರಿಕದಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಕ್ಯಾನ್ಸರಿಗೆ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಸಂಧಿವಾತಕ್ಕೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ತನ್ನ ಗಂಟುಗಳ ಮೇಲೆ ತಾನೇ ಏರಿಹೋಗುವ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಅಷ್ಟು ಸಾಕು. ಇದನ್ನೆಲ್ಲ ನಾನು ವಿವರಿಸಿದ್ದಕ್ಕೆ ದೊಡ್ಡಮ್ಮ, “ಅವರು ಭೀಮವರಂನವರಾದರೆ ಆಯಿತು, ನಮ್ಮವರೇ” ಎಂದು ಧೈರ್ಯ ತಂದುಕೊಂಡರು.

ಇನ್ನು ವಾರ ನಿಗದಿಯಾಗಬೇಕು. ಸೋಮವಾರ ಒಪ್ಪೊತ್ತು, ಆಗದು. ಆದಿತ್ಯವಾರ ಮಕ್ಕಳು ಬರುತ್ತಾರೆ, ಕೋಳಿಯ ದಿನ ಹಾಳು. ಮಾತ್ರೆ ನುಂಗಿದ ಮರುದಿನ ಸ್ವಲ್ಪ ಸುಸ್ತು, ವಾಕರಿಕೆ ಬರಬಹುದೆಂದು ಡಾಕ್ಟರು ಹೇಳಿದ್ದೇ ದೊಡ್ಡಮ್ಮನಿಗೆ ಸೂತ್ರ ಸಿಕ್ಕಿತು. “ಶನಿವಾರ ಹೇಗೂ ಮೀನಿಲ್ಲ. ಶುಕ್ರವಾರ ರಾತ್ರಿ ನುಂಗಿದರೆ ನಷ್ಟ ಎಂತದ್ದು?” ಶುಕ್ರವಾರವೇ ನಿಂತಿತು. ಫೋಲಿಕ್ ಆಮ್ಲವನ್ನು ತಡೆಯುವ ಮದ್ದು ಕೊಟ್ಟು, ಅದರ ಉಪದ್ರ ಕಡಿಮೆಯಾಗಲೆಂದು ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆಯನ್ನೂ ಕೊಡುತ್ತಾರೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಕೆಲಸ. ಅದಕ್ಕೆ ಸೋಮವಾರ. ಶುಕ್ರವಾರ ಮೂಡುಬಿದಿರೆ, ಸೋಮವಾರ ಬೆಳ್ತಂಗಡಿ, ಎರಡು ಸಂತೆ, ಇಬ್ಬರು ಮಕ್ಕಳು. ಮರೆಯುವ ಪ್ರಶ್ನೆಯೇ ಇಲ್ಲ. ಮರೆತರೂ ಮುಂದಿನ ವಾರ ಎರಡು ಪಾಲು ಸೇರಿಸಿ ನುಂಗುವಂತಿಲ್ಲ. ಡಾಕ್ಟರು ಚೀಟಿಯಲ್ಲಿ ‘ಶುಕ್ರವಾರ ಮಾತ್ರ’ ಎಂದು ಕನ್ನಡದಲ್ಲೇ ಬರೆದರು. ಎಲ್ಲ ಡಾಕ್ಟರುಗಳ ಅಕ್ಷರವೂ ಹಾಗಿದ್ದಿದ್ದರೆ!

ಮೆಡಿಕಲ್‌ನಲ್ಲಿ ಸ್ಟ್ರಿಪ್ ತೆಗೆದುಕೊಳ್ಳುವಾಗ ಮೊಮ್ಮಗನೇ ಓದುತ್ತಾನೆ. 2.5 ಮಿಲಿಗ್ರಾಂ ಬದಲು 10 ಬಂದರೆ ನಾಲ್ಕು ಪಾಲು, ನೋಡಲಿಕ್ಕೆ ಎಲ್ಲ ಸಣ್ಣ ಮಾತ್ರೆಗಳೇ. ಬಸುರಿಯಾಗುವ ಯೋಚನೆಯಲ್ಲಿದ್ದ ಕಿರಿಮಗಳು ಬಂದಾಗ ಸ್ಟ್ರಿಪ್ ಬೀರುವಿನ ಮೇಲಿನ ತಟ್ಟೆಗೆ ಹೋಯಿತು. ಹೊಟ್ಟೆಯ ಮಗುವಿಗೆ ಇದು ಆಗಬಾರದ್ದು, ಬಸುರಿಯರು ಮುರಿದ ಮಾತ್ರೆ ಮುಟ್ಟುವುದೂ ಬೇಡ.

ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಷ್ಟರಲ್ಲಿ ಮೊದಮೊದಲು ಪದೇ ಪದೇ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ: ರಕ್ತಕಣ, ಯಕೃತ್ತು, ಮೂತ್ರಪಿಂಡ. “ಊದಿದ್ದು ಬೆರಳು, ಇವರು ನೋಡುವುದು ಹೊಟ್ಟೆ” ಎಂದು ದೊಡ್ಡಮ್ಮನ ಗೊಣಗಾಟ. ಕುಡಿಯುತ್ತೀರಾ ಎಂದು ಡಾಕ್ಟರು ಕೇಳಿದ್ದಕ್ಕೆ ಅವರಿಗೆ ಬಂದ ಸಿಟ್ಟು ಬಿ.ಸಿ.ರೋಡ್ ದಾಟುವವರೆಗೂ ಇಳಿಯಲಿಲ್ಲ. ಪಾಲೆಯ ಕಷಾಯವನ್ನೂ ಆ ವರ್ಷ ಬಿಡಿಸಿದರು, ಯಕೃತ್ತಿಗೆ ಒಂದೇ ಯಜಮಾನ ಸಾಕಂತೆ. ಮೆಂತೆ ಗಂಜಿಗೆ ಅಡ್ಡಿಯಿರಲಿಲ್ಲ.

ನಮ್ಮಲ್ಲಿ ಮಳೆಗಾಲವೆಂದರೆ ಡೆಂಗಿ, ಇಲಿಜ್ವರ. ಜ್ವರವೋ ಒಣಕೆಮ್ಮೋ ಉಬ್ಬಸವೋ ಬಾಯಿಹುಣ್ಣೋ ಬಂದರೆ ಆ ವಾರದ ಮಾತ್ರೆ ನುಂಗದೆ ಮೊದಲು ಡಾಕ್ಟರಿಗೆ ಫೋನು. ಒಮ್ಮೆ ಉರಿಮೂತ್ರಕ್ಕೆ ಪೇಟೆಯ ಡಾಕ್ಟರೊಬ್ಬರು ಕೋ-ಟ್ರೈಮಾಕ್ಸಜೋಲ್ ಬರೆಯುವುದರಲ್ಲಿದ್ದರು. ದೊಡ್ಡಮ್ಮ ಪರ್ಸಿನಿಂದ ಮಾಸಿದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ಅದೂ ಮೆಥೊಟ್ರೆಕ್ಸೇಟೂ ಸೇರಿದರೆ ರಕ್ತಕಣಗಳು ಕುಸಿದುಹೋಗಬಹುದು.

ಈಗ ಬೆರಳು ಮಡಚುತ್ತವೆ. ಅದನ್ನು ನೋಡಿ ನೆರೆಮನೆಯವರು ಮಂಡಿ ಹಿಡಿದುಕೊಂಡು ಬಂದರು. “ಅಕ್ಕಾ, ನಿಮ್ಮ ಆ ಶುಕ್ರವಾರದ್ದು ನನಗೂ ಎರಡು ಕೊಡಿ.”

“ಸಂತೆಗೆ ಸಾಲ ಬೇಕಾದರೆ ಕೊಡುವಾ, ಮಾತ್ರೆ ಕೇಳಬೇಡಿ. ನಿಮ್ಮದು ಸವೆದ ಮಂಡಿ, ನನ್ನದು ಬೇರೆ ಸೀಕು. ಅಲ್ಲದೆ ಇದಕ್ಕೆ ಮೊದಲು ಸಿರಿಂಜು ತುಂಬಾ ರಕ್ತ ಕೊಡಬೇಕು.”

ಸಿರಿಂಜಿನ ಹೆಸರು ಕೇಳಿದ್ದೇ ಅವರ ಮಂಡಿನೋವು ಅರ್ಧ ಇಳಿಯಿತು.