ಎಲ್ಲ ತಪ್ಪಿಗೂ ಒಂದೇ ಹೆಸರು: ಫ್ಯೂಷನ್

ಬೆಂಗಳೂರಿನ ಯಾವ ಆರತಕ್ಷತೆಗೇ ಹೋಗಿ, ವೇದಿಕೆಯ ಮೇಲೆ ಫ್ಯೂಷನ್ ಇರುತ್ತದೆ. ಒಂದು ಹಂಸಧ್ವನಿ ಕೃತಿ. ಅದರ ಬೆನ್ನಿಗೆ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟ ರಿದಂ. ಪಕ್ಕದಲ್ಲಿ ಡ್ರಮ್ ಪ್ಯಾಡ್. ಪಲ್ಲವಿಯ ಎತ್ತುಗಡೆಯೇ ತಪ್ಪಿತು. ಪಿಟೀಲಿನವರು ನಕ್ಕರು, ಕೀಬೋರ್ಡಿನವರೂ ನಕ್ಕರು, ಜನ ಚಪ್ಪಾಳೆ ತಟ್ಟಿದರು.

ಶ್ರುತಿ ತಪ್ಪಿದರೆ ಪ್ರಯೋಗ. ತಾಳ ತಪ್ಪಿದರೆ ಜಾಝ್. ಎರಡೂ ತಪ್ಪಿದರೆ ಫ್ಯೂಷನ್. ಅದಕ್ಕೆ ಸಂಭಾವನೆಯೂ ಜಾಸ್ತಿ.

ಈ ಹೆಸರೇನು ಬಿಟ್ಟಿ ಸಿಕ್ಕಿದ್ದಲ್ಲ. 1970ರಲ್ಲಿ ‘ಬಿಚಸ್ ಬ್ರೂ’ ಆಲ್ಬಂ ತಂದು ಜಾಝಿಗೆ ರಾಕ್ ಬೆರೆಸುವ ಹೊತ್ತಿಗೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜಾಝಿನಲ್ಲಿ ಕಾಲು ಶತಮಾನ ದುಡಿದಿದ್ದರು. ಆ ಆಲ್ಬಂನಲ್ಲಿ ಗಿಟಾರ್ ನುಡಿಸಿದ ಜಾನ್ ಮೆಕ್‌ಲಾಫ್ಲಿನ್, ಭಾರತೀಯ ಸಂಗೀತಗಾರರ ಜೊತೆ ‘ಶಕ್ತಿ’ ತಂಡ ಕಟ್ಟುವ ಮೊದಲು ಕರ್ನಾಟಕ ಸಂಗೀತದ ವಿದ್ವಾಂಸ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ಅಷ್ಟು ಹೆಸರು ಮಾಡಿದ ಮೇಲೂ ಶಿಷ್ಯನಾಗಿ ಕೂತರು. ನಮ್ಮವರಿಗೆಲ್ಲಿ ಪುರುಸೊತ್ತು? ಸಂಜೆ ಇನ್ನೊಂದು ಛತ್ರ ಕಾಯುತ್ತಿರುತ್ತದೆ.

ದೂರ ಯಾಕೆ, ಇದೇ ಬೆಂಗಳೂರಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ತಂಡ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಆಲ್ಬಂ ತಂದಿತು. ಅಲ್ಲಿ ರಾಗ ರಾಗವಾಗಿಯೇ ಇದೆ, ತಾಳ ತಾಳವಾಗಿಯೇ ಇದೆ. ಆರತಕ್ಷತೆಯ ಪಂಡಿತರಲ್ಲಿ ಎಷ್ಟು ಜನ ಅದನ್ನು ಕೇಳಿದ್ದಾರೋ!

ಇನ್ನೊಂದು ಗುಂಪಿದೆ. ಸಭಾದ ಮುಂದಿನ ಸಾಲಿನ ಮಡಿವಂತರು. ಫ್ಯೂಷನ್ ಎಂದರೆ ಸಾಕು, ಸಂಗೀತ ಕುಲಗೆಟ್ಟಿತು ಎಂದು ಮೂಗು ಮುರಿಯುತ್ತಾರೆ. ಮುರಿಯುವುದು ಯುರೋಪಿನಿಂದ ಬಂದ ಪಿಟೀಲಿನ ಪಕ್ಕವಾದ್ಯ ಕೇಳುತ್ತಾ! ಸ್ಯಾಕ್ಸೊಫೋನಿನ ಕತೆಯೂ ಅದೇ. ಕದ್ರಿ ಗೋಪಾಲನಾಥರು ಅದಕ್ಕೆ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ಅದರಲ್ಲಿ ಗಮಕ ತರಲು ವರ್ಷಗಟ್ಟಲೆ ಒದ್ದಾಡಿದರು. 2004ರಲ್ಲಿ ಪದ್ಮಶ್ರೀ ಬಂತು. ಆಮೇಲೆ ಆ ವಾದ್ಯ ನಮ್ಮ ಪರಂಪರೆಯೇ ಆಗಿಹೋಯಿತು. ಪ್ರಶಸ್ತಿ ಬಂದರೆ ಪರಂಪರೆ, ಬಾರದಿದ್ದರೆ ಮೈಲಿಗೆ.

ಒಬ್ಬರಿಗೆ ಕಲಿಯದೆ ಬೆರೆಸುವ ಆತುರ, ಇನ್ನೊಬ್ಬರಿಗೆ ಕೇಳದೆ ಬೈಯುವ ಚಟ. ಎರಡು ಸಂಗೀತ ಬೆರೆಸಬೇಕಾದರೆ ಎರಡೂ ಬರಬೇಕು. ಒಂದೂ ಬಾರದವರು ಫಲಕದ ಮೇಲೆ ‘ಸಿನಿಮಾ ಹಾಡು, ಜೋರು ಸದ್ದು’ ಎಂದು ಬರೆಸಲಿ. ಅದಕ್ಕೂ ಜನ ಬಂದೇ ಬರುತ್ತಾರೆ, ಸುಳ್ಳು ಹೇಳುವ ಅಗತ್ಯವಿಲ್ಲ.