ಕೋಣನಕುಂಟೆಯ ಹೊರಕಿಟಕಿ: ಒಂದು ಬಹುಶಿಸ್ತೀಯ ಅಧ್ಯಯನ

1. ನಿರ್ವಚನ

ಕಿಟಕಿ ಎಂದರೇನು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದ್ದಿದ್ದರೆ ವಿಚಾರ ಸಂಕಿರಣದ ಊಟ ಯಾರಿಗೂ ಸಿಗುತ್ತಿರಲಿಲ್ಲ. ಸಂಸ್ಕೃತ ಅದನ್ನು ಗವಾಕ್ಷ, ಅಂದರೆ ಹಸುವಿನ ಕಣ್ಣು ಎಂದಿತು. ಇಂಗ್ಲಿಷಿನ ‘ವಿಂಡೊ’ಗೆ ಮೂಲ ಹಳೆಯ ನಾರ್ಸ್ ಭಾಷೆಯ ‘ಗಾಳಿಗಣ್ಣು’. ಉಡುಪಿಯಲ್ಲಿ ಕನಕನಿಗೆ ಕಿಂಡಿಯಲ್ಲಿ ದೇವರೇ ಕಂಡ. ನನಗೆ ಎದುರು ಮನೆಯ ನೀರಿನ ಟ್ಯಾಂಕು ಕಾಣುತ್ತದೆ. ಆದಕಾರಣ ಪ್ರಸ್ತುತ ಪ್ರಬಂಧವು ಕಿಟಕಿಯನ್ನು ‘ಒಳ-ಹೊರಗಿನ ದ್ವಂದ್ವಾತ್ಮಕ ಸಂಘರ್ಷದ ಚೌಕಟ್ಟೀಕೃತ ಅವಕಾಶ’ ಎಂದು ನಿರ್ವಚಿಸುತ್ತದೆ. (ಅರ್ಥ ನನಗೂ ಆಗಿಲ್ಲ. ಮೊನ್ನೆ ಒಂದು ಗೋಷ್ಠಿಯಲ್ಲಿ ಇಂಥದ್ದನ್ನೇ ಮೂರು ಗಂಟೆ ಕೇಳಿ ಬಂದಿದ್ದೇನೆ; ಸೇಡು ತೀರಿಸಿಕೊಳ್ಳಬೇಡವೇ?)

2. ವ್ಯಾಪ್ತಿ ಮತ್ತು ಮಿತಿ

ಚಳಿದೇಶದವರು ಹಿಮಗಾಳಿ ತಡೆಯಲು ಇದ್ದ ಕಿಟಕಿಯ ಹೊರಗೆ ಇನ್ನೊಂದು ಕಿಟಕಿ ಕೂರಿಸುತ್ತಾರೆ. ನಮಗೆ ಹಿಮವಿಲ್ಲ, ಎರಚಲು, ಧೂಳು, ಸೊಳ್ಳೆಗಳಿವೆ. ಇಲ್ಲಿನ ಧೂಳಿನ ಚರಿತ್ರೆಯನ್ನು ಮೆಟ್ರೊಪೂರ್ವ, ಮೆಟ್ರೊಕಾಮಗಾರಿ, ಮೆಟ್ರೊತ್ತರ ಎಂದು ಮೂರು ಯುಗಗಳಾಗಿ ವಿಂಗಡಿಸಬಹುದು. ಕನಕಪುರ ರಸ್ತೆಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗೆ ರೈಲು ಓಡತೊಡಗಿದ್ದು 2021ರ ಜನವರಿಯಲ್ಲಿ. ಧೂಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಹೀಗಾಗಿ ಹಳೆಯ ತೇಗದ ಕಿಟಕಿಯ ಹೊರಗೆ ಗಾಜು, ಜಾಲರಿ ಎರಡೂ ಇರುವ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಹಾಕಿಸುವುದೆಂದಾಯಿತು.

3. ಅಳತೆಯ ಪಂಥಗಳು

ಇವು ಏಳು. ಮೊದಲನೆಯದು ಗೇಣುಪಂಥ, ನಮ್ಮಮ್ಮ ಇದರ ಆಚಾರ್ಯೆ. ಎರಡನೆಯದು ನೂಲುಪಂಥ, ಇಂಚಿಗೆ 8 ನೂಲು, ಬಡಗಿಗಳದು. ಮೂರನೆಯದು ಮಿಲಿಮೀಟರ್ ಪಂಥ, ಇಂಚಿಗೆ 25.4, ಅಳತೆಗೆ ಬಂದ ಹುಡುಗನದು. ನಾಲ್ಕನೆಯದು ಕಣ್ಣಳತೆ. ಐದನೆಯದು... ಸಾಕು, ವಿಷಯಕ್ಕೆ ಬರೋಣ.

ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿದು ಚಿಕ್ಕದನ್ನೇ ಬರೆದುಕೊಳ್ಳಬೇಕು. ಎತ್ತರವೂ ಹಾಗೆಯೇ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡೂ ಕರ್ಣ ಸಮ ಬರಬೇಕು. ಆ ಹುಡುಗ ಒಂದೇ ಕಡೆ ಹಿಡಿದು ಹೋದ. ಕೂರಿಸುವ ದಿನ ನಾನು ಹಿಡಿದು ನೋಡಿದರೆ ಕರ್ಣಗಳಲ್ಲಿ 6 ನೂಲು ವ್ಯತ್ಯಾಸ.

“ಸಾರ್, ನಮ್ ಫ್ರೇಮ್ ಕರೆಕ್ಟಾಗೈತೆ. ನಿಮ್ ಗೋಡೇನೇ ಸೊಟ್ಟ.”

“ಈಗೇನು ಮಾಡೋದು?”

“ಸಿಲಿಕಾನ್ ಹೊಡೀತೀನಿ, ಗೊತ್ತಾಗಲ್ಲ ಬಿಡಿ.”

ಕಾವ್ಯಮೀಮಾಂಸೆಯಲ್ಲಿ ಇದನ್ನು ‘ಅಪೂರ್ಣತೆಯ ಸೃಜನಶೀಲ ಪೂರಣ’ ಎನ್ನಬಹುದು. ಬೀದಿಯಲ್ಲಿ ತೇಪೆ ಎನ್ನುತ್ತಾರೆ.

4. ಫಲಿತ

ಸಿಲಿಕಾನ್ ಹೊಡೆದ ಭರದಲ್ಲಿ ಟ್ರ್ಯಾಕಿನಿಂದ ಮಳೆನೀರು ಹೊರಹೋಗಲು ಬಿಟ್ಟಿದ್ದ ಕೆಳಗಿನ ತೂತುಗಳೂ ಮುಚ್ಚಿದ್ದವು. ಎರಡು ಮಳೆ ಬಿದ್ದ ಮೇಲೊಂದು ದಿನ ಅಮ್ಮ ಬಟ್ಟೆ ಹಿಡಿದು ಒರೆಸಲು ಹೋದವಳು, “ಇದೇನೋ, ಕುಣೀತಿದೆ!” ಎಂದಳು. ಕಸವೇ ಇಲ್ಲದ ತಿಳಿನೀರು. ಅದರಲ್ಲಿ ತಲೆಕೆಳಗಾಗಿ ನೇತಾಡುವ ಸೊಳ್ಳೆಮರಿಗಳು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನೀರೇ ಇಷ್ಟ. ವಾರ-ಹತ್ತು ದಿನದಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗಿನ ಪಯಣ ಮುಗಿಯುತ್ತದೆ. ಅದೂ ಜಾಲರಿಯ ಒಳಬದಿಯಲ್ಲಿ!

ಕುಂಟೆ ಎಂದರೆ ಪುಟ್ಟ ಕೆರೆ. ಊರಿನ ಕುಂಟೆ ಎಲ್ಲಿ ಹೋಯಿತೆಂದು ಸ್ಥಳನಾಮ ಸಂಶೋಧಕರು ಇನ್ನು ಹುಡುಕಬೇಕಿಲ್ಲ. ನಮ್ಮ ಕಿಟಕಿಯಲ್ಲಿದೆ, ಮುಕ್ಕಾಲು ಇಂಚು ಅಗಲ. ಕೋಣ ಯಾರೆಂಬುದಕ್ಕೆ ಪುರಾವೆ ಬೇಕಿದ್ದರೆ, ರಸೀದಿ ನನ್ನ ಹೆಸರಿನಲ್ಲಿದೆ.

5. ಉಪಸಂಹಾರ

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ನೀರು ನಿಲ್ಲಿಸಿಕೊಂಡ ನಗರದ ಮನೆಗೆ 400 ರೂಪಾಯಿ ದಂಡ ಗೊತ್ತುಮಾಡಿತು. ನನ್ನ ಅರ್ಧ ಲೋಟ ನೀರಿಗೆ ದಂಡ, ಒಪ್ಪಿದೆ. ಬೀದಿ ಕೊನೆಯಲ್ಲಿ ಪೈಪಿಗೆಂದು ಅಗೆದು, ಮುಚ್ಚದೆ ಹೋದ ಗುಂಡಿಯಲ್ಲಿ ನಾಲ್ಕು ತಿಂಗಳಿಂದ ನಿಂತಿದೆಯಲ್ಲ, ಅದಕ್ಕೆ ದಂಡ ಕಟ್ಟುವವರು ಯಾರು? ಪಕ್ಕದ ಮನೆಯ ಹುಡುಗನ ಪ್ಲೇಟ್‌ಲೆಟ್ ದಿನಕ್ಕೆರಡು ಸಲ ಎಣಿಸುತ್ತಿದ್ದಾಗ ಅವರಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಮಾತಿಲ್ಲದೆ ಕೂತಿದ್ದರು. ಅವರ ಎದುರು ನನಗೆ ಯಾವ ಪರಿಭಾಷೆಯೂ ಹೊಳೆಯಲಿಲ್ಲ.

ಹುಡುಗ ಚೇತರಿಸಿಕೊಂಡ. ಆ ಆಂಟಿ ವರ್ಷಗಳಿಂದ ನಮ್ಮ ಅಡುಗೆಮನೆ ಕಿಟಕಿಯ ಸರಳುಗಳ ಸಂದಿಯಲ್ಲೇ ಕರಿಬೇವು ಕೊಡುವವರು. ಮೊನ್ನೆ ಮರೆತು ಕೈ ಚಾಚಿದರು. ಕಡ್ಡಿ ಜಾಲರಿಗೆ ತಗುಲಿ ನಿಂತಿತು. ನಾನು ಸರಿಸಲು ಹೋದೆ. ಸೊಟ್ಟ ಗೋಡೆಗೆ ಸಿಕ್ಕಿಕೊಂಡ ಫ್ರೇಮು ಜಪ್ಪಯ್ಯ ಅನ್ನಲಿಲ್ಲ.

“ಇರಲಿ ಬಿಡಿ, ಗೇಟಿಂದ ಬರ್ತೀನಿ” ಎಂದರು.