ಬೇಡದ ವಸ್ತುವಿನ ವ್ಯಾಕರಣ

ಗೃಹಕೃತ್ಯದ ಅರ್ಥಶಾಸ್ತ್ರದಲ್ಲಿ ‘ಬೇಡದ ವಸ್ತು’ ಎಂಬ ಪರಿಭಾಷೆಯಷ್ಟು ಧಾರಾಳವಾಗಿ ಬಳಕೆಯಾಗುವ, ಅಷ್ಟೇ ಕಡಿಮೆ ಖಚಿತವಾದ ಮಾತು ಇನ್ನೊಂದಿಲ್ಲ. ಇಲ್ಲದಿದ್ದರೂ ಸಂಸಾರ ಕುಂಟದೆ ನಡೆಯುವಂಥದ್ದು, ಆದರೂ ದುಡ್ಡು ಕೊಟ್ಟು ತಂದಿಟ್ಟುಕೊಂಡದ್ದು ಎಂದು ಇದಕ್ಕೆ ಸ್ಥೂಲವಾದ ಲಕ್ಷಣವನ್ನು ಹೇಳಬಹುದಾದರೂ, ಆ ಲಕ್ಷಣಕ್ಕೆ ಹೊಂದುವ ಒಂದು ವಸ್ತುವನ್ನು ತೋರಿಸಿರೆಂದು ನಾಲ್ಕು ಜನರಿರುವ ಮನೆಯಲ್ಲಿ ಕೇಳಿದರೆ, ನಾಲ್ಕು ಬೆರಳುಗಳು ನಾಲ್ಕು ದಿಕ್ಕಿಗೆ ಚಾಚಿಕೊಳ್ಳುತ್ತವೆಯೇ ಹೊರತು ಒಂದಾದರೂ ತನ್ನ ಒಡೆಯನ ಕಡೆಗೆ ತಿರುಗುವುದಿಲ್ಲ. ಇದಕ್ಕೆ ಕಾರಣವನ್ನು ಅರ್ಥಶಾಸ್ತ್ರಕ್ಕಿಂತ ವ್ಯಾಕರಣದಲ್ಲಿ ಹುಡುಕುವುದು ಲೇಸು. ಕನ್ನಡ ವ್ಯಾಕರಣವು ಮಾತಾಡುವವನನ್ನು ಉತ್ತಮ ಪುರುಷನೆಂದೂ, ಕೇಳುವವನನ್ನು ಮಧ್ಯಮ ಪುರುಷನೆಂದೂ, ಆ ಜಾಗದಲ್ಲಿ ಇಲ್ಲದವನನ್ನು ಪ್ರಥಮ ಪುರುಷನೆಂದೂ ಕರೆಯುತ್ತದೆ. ಮಾತಾಡುವವನೇ ಉತ್ತಮನೆಂದು ವೈಯಾಕರಣರು ಮೊದಲೇ ಒಪ್ಪಿಕೊಂಡುಬಿಟ್ಟಿರುವುದರಿಂದ ಮುಂದಿನದು ಸಲೀಸು. ಉತ್ತಮ ಪುರುಷ ಕೊಂಡದ್ದು ‘ಅಗತ್ಯ’, ಮಧ್ಯಮ ಪುರುಷ ಕೊಂಡದ್ದು ‘ಶೋಕಿ’, ಎದುರುಮನೆಯ ಪ್ರಥಮ ಪುರುಷ ಕೊಂಡದ್ದು ‘ದುಡ್ಡಿನ ಕೊಬ್ಬು’. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಸೂತ್ರವನ್ನು ಸೇರಿಸದೆ ಹೋದದ್ದು, ಆಗಿನ್ನೂ ಕಂತಿನ ಮೇಲೆ ಫ್ರಿಜ್ಜು ಸಿಗುತ್ತಿರಲಿಲ್ಲವೆಂಬ ಒಂದೇ ಕಾರಣಕ್ಕೆ ಇರಬೇಕು.

ಅನಗತ್ಯ ಖರೀದಿಯನ್ನು ನಿಲ್ಲಿಸಬೇಕೆಂಬ ಸಂಕಲ್ಪವು ಸಂಬಳದ ಮನೆಗಳಲ್ಲಿ ಸಾಮಾನ್ಯವಾಗಿ ತಿಂಗಳ ಇಪ್ಪತ್ತನೇ ತಾರೀಕಿನ ಆಚೆಗೆ, ಅಂದರೆ ಕೊಳ್ಳಲು ಕೈಯಲ್ಲಿ ಕಾಸೇ ಇಲ್ಲದ ಹೊತ್ತಿನಲ್ಲಿ, ಹುಟ್ಟುತ್ತದೆ. ಸಂಬಳ ಬಂದ ದಿನ ಜಾರಿಗೆ ಬರುತ್ತದೆ. ಜಾರಿಯ ಮೊದಲ ಹೆಜ್ಜೆಯಾಗಿ ಒಂದು ಹೊಸ ವಸ್ತುವನ್ನು ಕೊಳ್ಳಲಾಗುತ್ತದೆ. ಅದೇ ಖರ್ಚಿನ ಪುಸ್ತಕ. ಮಕ್ಕಳ ಹೋದ ವರ್ಷದ ನೋಟ್‌ಬುಕ್ಕುಗಳಲ್ಲಿ ಅರ್ಧಕ್ಕರ್ಧ ಹಾಳೆಗಳು ಖಾಲಿ ಬಿದ್ದಿದ್ದರೂ, ಉಳಿತಾಯದಂಥ ಗಂಭೀರ ಕಾರ್ಯಕ್ಕೆ ರಟ್ಟಿನ ಬೈಂಡಿನ, ಕೆಂಪು ಗೆರೆ ಎಳೆದ 200 ಪುಟಗಳ ಪುಸ್ತಕವೇ ಆಗಬೇಕೆಂದು ತೀರ್ಮಾನವಾಗಿ, ಅದರೊಂದಿಗೆ ಬರೆಯಲು ಮನಸ್ಸು ಬರುವಂಥ ಪೆನ್ನೊಂದೂ ಮನೆಗೆ ಬರುತ್ತದೆ. ಮೊದಲ ದಿನದ ಪುಟದಲ್ಲಿ ಹಾಲು, ಮೊಸರು, ಎರಡು ಕಟ್ಟು ದಂಟಿನ ಸೊಪ್ಪು, ಬೆಂಕಿಪೊಟ್ಟಣ, ಆಟೋದವನು ಹಿಂತಿರುಗಿಸದ ಚಿಲ್ಲರೆ 5 ರೂಪಾಯಿ ಇವೆಲ್ಲವೂ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ದಾಖಲಾಗಿರುತ್ತವೆ. ಐದನೆಯ ದಿನಕ್ಕೆ ಸೊಪ್ಪೂ ಮೊಸರೂ ‘ತರಕಾರಿ ವಗೈರೆ’ಯಲ್ಲಿ ಕರಗಿಹೋಗುತ್ತವೆ. ಹನ್ನೊಂದನೆಯ ದಿನದ ಪುಟದಲ್ಲಿ ಮೂರೇ ಸಾಲು: ಹಾಲು 52, ತರಕಾರಿ 100, ಇತರೆ 740. ‘ಇತರೆ’ ಎಂದರೆ ಖರ್ಚಾಗಿದೆಯೆಂಬುದು ಖಚಿತವಾಗಿ ಗೊತ್ತಿದ್ದು, ಯಾವುದಕ್ಕೆಂದು ಯಾರಿಗೂ ನೆನಪಿಲ್ಲದ, ನೆನಪಿದ್ದವರು ಬಾಯಿ ಬಿಡದ ಹಣ. ಜಗತ್ತಿನ ಯಾವ ಮನೆಯ ಆಯವ್ಯಯದಲ್ಲೂ ಇದು ತಪ್ಪಿದ್ದಲ್ಲ. ಆದರೆ ಕನ್ನಡದ ಮನೆಗಳಲ್ಲಿ ಇದಕ್ಕೊಂದು ವಿಶೇಷಾರ್ಥವಿದ್ದು, ಅದನ್ನು ಮುಂದೆ ನೋಡಬಹುದು.

ಪುಸ್ತಕ ಬಂದ ಮೇಲೆ ಕತ್ತರಿ ಎಲ್ಲಿ ಹಾಕಬೇಕೆಂಬುದರ ಬಗ್ಗೆ ರಾತ್ರಿ ಊಟವಾದ ಮೇಲೆ ಸಭೆ ಸೇರುವುದು ವಾಡಿಕೆ. ಅದರ ನಡಾವಳಿ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಯಜಮಾನರು ಗಂಟಲು ಸರಿಮಾಡಿಕೊಂಡು, “ಮೊದಲು ಆ ಹೂವಿನವಳಿಗೆ ಬೇಡ ಅಂತ ಹೇಳು, ದಿನಾ ಒಂದು ಮೊಳ ಯಾಕೆ?” ಎಂದು ಮಂಡಿಸುತ್ತಾರೆ. “ಆಗಲಿ ರೀ, ನಾಳೆಯಿಂದ ನಿಮ್ಮ ಮೂರನೇ ಇಯರ್‌ಫೋನನ್ನೇ ಮುಡಿದುಕೊಂಡು ದೇವರ ಮುಂದೆ ದೀಪ ಹಚ್ಚುತ್ತೀನಿ” ಎಂದು ಪ್ರತಿಪಕ್ಷದಿಂದ ಉತ್ತರ ಬರುತ್ತದೆ. ಮೂಲೆಯಲ್ಲಿ ಕಾಲು ನೀಡಿ ಕುಳಿತ ಅಜ್ಜಿ, “ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ ಕಣೋ, ಒರಳುಕಲ್ಲಲ್ಲೇ ರುಬ್ಬಿ ಐದು ಮಕ್ಕಳನ್ನ ಸಾಕಿದೆ” ಎಂದು ಹೇಳಿ, ಆ ಮಾತಿನ ಬಾಲದಲ್ಲೇ ತಮ್ಮ ಮಂಡಿನೋವಿನ ಎಣ್ಣೆ ಮುಗಿದಿರುವ ವಿಷಯವನ್ನೂ ಸೇರಿಸುತ್ತಾರೆ. ಗಂಟೆಗಟ್ಟಲೆ ನಡೆಯುವ ಈ ಚರ್ಚೆಯ ಕೊನೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾಗುವ ನಿರ್ಣಯವೆಂದರೆ, ಬಂದವರಿಗೆ ಕೊಡುತ್ತಿದ್ದ ಕ್ರೀಮ್ ಬಿಸ್ಕತ್ತಿನ ಬದಲು ಇನ್ನು ಮುಂದೆ ಮಾರಿ ಬಿಸ್ಕತ್ತು ಕೊಡತಕ್ಕದ್ದು. ನೆಂಟನು ಸಭೆಯಲ್ಲಿ ಹಾಜರಿರದ ಪ್ರಥಮ ಪುರುಷನಾದ್ದರಿಂದ ಆಕ್ಷೇಪಣೆ ಬರುವ ಸಂಭವವೇ ಇರುವುದಿಲ್ಲ.

ಇನ್ನು ವರ್ತಕರ ಕಡೆಯ ಶಾಸ್ತ್ರ. ಹಳೆಯ ಅಂಗಡಿಬೀದಿಯಲ್ಲಿ ‘ಕೊಸರು’ ಎಂಬುದೊಂದಿತ್ತು. ಅಳತೆ, ತೂಕ ಮುಗಿದ ಮೇಲೆ ಗಿರಾಕಿಯ ಸಮಾಧಾನಕ್ಕಾಗಿ ಮೇಲೆ ಹಾಕುತ್ತಿದ್ದ ಒಂದು ಹಿಡಿ, ಇದಕ್ಕೆ ಕೊಸರು ಎಂದು ಹೆಸರು. ಈಗಲೂ ತರಕಾರಿಯವಳು ಕೊನೆಯಲ್ಲಿ ಚೀಲಕ್ಕೆಸೆಯುವ ನಾಲ್ಕು ಎಳೆ ಕರಿಬೇವು ಆ ವಂಶದ ಕೊನೆಯ ಕುಡಿ. ಕೊಸರಿಗಾಗಿ ಯಾರೂ ಹೆಚ್ಚು ಕೊಳ್ಳುತ್ತಿರಲಿಲ್ಲ. ಇಂದಿನ ಕೊಸರಿನ ಹೆಸರು ಆಫರ್. ಇದು ಕೊಂಡದ್ದರ ಹಿಂದೆ ಬರುವ ಬದಲು ಮುಂದೆ ನಡೆಯುತ್ತದೆ. 380 ರೂಪಾಯಿಯ ಬೇಳೆ, ಎಣ್ಣೆಗಳನ್ನು ಮೊಬೈಲಿನಲ್ಲಿ ತರಿಸುವ ಗೃಹಸ್ಥನಿಗೆ, 499 ದಾಟಿದರೆ ಮನೆಗೆ ತಲುಪಿಸುವ 40 ರೂಪಾಯಿ ಮಾಫಿ ಎಂಬ ಸಾಲು ಕಂಡೊಡನೆ, ಆ 40ನ್ನು ಉಳಿಸುವ ಛಲ ಬಂದು, ಆತ 125 ರೂಪಾಯಿಯ ಪಾಸ್ತಾ ಸೇರಿಸುತ್ತಾನೆ. ಮನೆಯಲ್ಲಿ ಪಾಸ್ತಾ ತಿನ್ನುವವರು ಯಾರೂ ಇಲ್ಲ ಎಂಬುದು ಬೇರೆ ಮಾತು. ಉಳಿದ 40 ಮಾತ್ರ ನಿಜ. ಬೆಲೆ ಹೇಳುವುದರಲ್ಲಿ ಕನ್ನಡ ಭಾಷೆಯೂ ವರ್ತಕರಿಗೆ ಸಾಕಷ್ಟು ನೆರವಾಗಿದೆಯೆಂದು ಒಪ್ಪಬೇಕು. 299 ರೂಪಾಯಿಯ ವಸ್ತುವಿನ ಬೆಲೆಯನ್ನು ಮನೆಯಲ್ಲಿ ಕೇಳಿದರೆ ಬರುವ ಉತ್ತರ ‘ಇನ್ನೂರು ಚಿಲ್ಲರೆ’. ಒಂದು ರೂಪಾಯಿಯಿಂದ ತೊಂಬತ್ತೊಂಬತ್ತು ರೂಪಾಯಿಯವರೆಗಿನ ಯಾವ ಮೊತ್ತವನ್ನಾದರೂ ಮುಖ ಬಾಡದಂತೆ ಹೊತ್ತುಕೊಳ್ಳಬಲ್ಲ ‘ಚಿಲ್ಲರೆ’ಯಂಥ ಪದವಿರುವ ಭಾಷೆಯಲ್ಲಿ ಗಂಡಹೆಂಡಿರ ನಡುವೆ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ. ಮದುವೆ, ಗೃಹಪ್ರವೇಶಗಳಿಲ್ಲದ್ದರಿಂದ ಒಂದು ಕಾಲಕ್ಕೆ ಕೈ ಬಿಗಿಹಿಡಿಯಲು ಅನುಕೂಲವಾಗಿದ್ದ ಆಷಾಢ ಮಾಸವೂ ಈಗ ರಿಯಾಯಿತಿ ಮಾರಾಟದ ಸುಗ್ಗಿಯಾಗಿ, ‘ಶ್ರಾವಣದಲ್ಲಿ ದುಬಾರಿಯಾಗುತ್ತೆ’ ಎಂಬ ದೂರದೃಷ್ಟಿಯ ಸೀರೆಗಳು ಆಗಲೇ ಮನೆ ಸೇರುತ್ತವೆ.

ಈ ಶಾಸ್ತ್ರದ ಪ್ರಾಯೋಗಿಕ ಭಾಗವನ್ನು ನೋಡಬಯಸುವವರು ಮೈಸೂರಿನ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನಕ್ಕೆ ಹೋಗಿ, ತರಕಾರಿ ಹೆಚ್ಚುವ ಯಂತ್ರದ ಮಳಿಗೆಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಕಿವಿಯಿಂದ ಬಾಯಿಗೆ ಮೈಕು ಕಟ್ಟಿಕೊಂಡವನೊಬ್ಬ, ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಮಾತಾಡುತ್ತ, ಕ್ಯಾರೆಟ್ಟೊಂದನ್ನು ಆ ಪ್ಲಾಸ್ಟಿಕ್ ಯಂತ್ರದ ಮೇಲೆ ಒಮ್ಮೆ ಎಳೆದರೆ ಅದು ಗಾಂಧಿಬಜಾರಿನ ಸೇವಂತಿಗೆಗಿಂತ ಚೆಂದದ ಹೂವಾಗುತ್ತದೆ, ಆಲೂಗಡ್ಡೆ ಬಲೆಯಾಗುತ್ತದೆ, ಈರುಳ್ಳಿ ಕಣ್ಣೀರಿಲ್ಲದೆ ದಾರದಂತೆ ಇಳಿಯುತ್ತದೆ. ನಲವತ್ತು ವರ್ಷ ಈಳಿಗೆಮಣೆಯ ಮೇಲೆ ಕುಳಿತು ಕಣ್ಣು ಮುಚ್ಚಿ ಹುರುಳಿಕಾಯಿ ಹೆಚ್ಚಿದ ಹೆಂಗಸರೂ ಇದನ್ನು ಬಾಯಿ ಬಿಟ್ಟು ನೋಡಿ, ಸೆರಗಿನ ಗಂಟು ಬಿಚ್ಚುತ್ತಾರೆ. ಮನೆಗೆ ತಂದ ಯಂತ್ರದ ಮೇಲೆ ಅದೇ ಕ್ಯಾರೆಟ್ಟನ್ನು ಎಳೆದಾಗ ಮೊದಲು ಹೋಳಾಗುವುದು ಹೆಬ್ಬೆರಳಿನ ತುದಿ. ಎರಡನೆಯ ಸಲ ಕ್ಯಾರೆಟ್ಟು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಲು ಮತ್ತೆ ಈಳಿಗೆಮಣೆಯೇ ಬೇಕಾಗುತ್ತದೆ. ಹೀಗಾದ ಮೇಲೂ ಯಾರೂ ತಾವು ಮೋಸಹೋದೆವೆಂದು ಒಪ್ಪುವುದಿಲ್ಲ. ಯಂತ್ರವನ್ನು ತೊಳೆದು ಒರೆಸಿ, ಬಂದ ಡಬ್ಬಿಗೇ ತುಂಬಿ, ‘ಅದಕ್ಕೊಂದು ಅಭ್ಯಾಸ ಬೇಕು’ ಎಂಬ ಟಿಪ್ಪಣಿಯೊಂದಿಗೆ ಅಟ್ಟಕ್ಕೇರಿಸಲಾಗುತ್ತದೆ. ಅಟ್ಟದ ಮೇಲೆ ಹಿಂದಿನ ದಸರೆಯ ಚಕ್ಕುಲಿ ಯಂತ್ರ ಅದಕ್ಕೆ ಜಾಗ ಬಿಟ್ಟುಕೊಡುತ್ತದೆ.

ಒಂದು ವಸ್ತು ಇನ್ನೊಂದನ್ನು ಕರೆತರುವ ಬಗೆಯನ್ನು ಫ್ರಾನ್ಸಿನ ತತ್ವಜ್ಞಾನಿ ದೆನಿ ದಿದೆರೋ 1769ರಲ್ಲಿಯೇ, ತನ್ನ ಹಳೆಯ ನಿಲುವಂಗಿಯ ಅಗಲಿಕೆಗೆ ಮರುಗುತ್ತ ಬರೆದ ಪ್ರಬಂಧದಲ್ಲಿ ವಿವರಿಸಿದ್ದಾನೆ. ಹೊಸ ಕಡುಗೆಂಪು ನಿಲುವಂಗಿಯೊಂದು ಬಂದದ್ದೇ ತಡ, ಅದರ ಎದುರು ಹಳೆಯ ಹುಲ್ಲಿನ ಕುರ್ಚಿ ಕಳಾಹೀನವಾಗಿ ಕಂಡು, ಅದರ ಜಾಗಕ್ಕೆ ಚರ್ಮದ ಕುರ್ಚಿ ಬಂದು, ಆಮೇಲೆ ಮೇಜು, ಚಿತ್ರಗಳು ಎಂದು ಕೋಣೆಯೇ ಬದಲಾಗಿ, ಕಡೆಗೆ ತಾನು ಅಂಗಿಯ ಒಡೆಯನಾಗಿರುವ ಬದಲು ಅದರ ಆಳಾದೆನೆಂಬುದು ಅವನ ಅಳಲು. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರ್ಯಾಕನ್ 1988ರಲ್ಲಿ ಇದಕ್ಕೆ ‘ದಿದೆರೋ ಪರಿಣಾಮ’ ಎಂದು ಹೆಸರಿಟ್ಟರು. ಕನ್ನಡದ ಅಡುಗೆಮನೆಯಲ್ಲಿ ಇದು ಗಾಜಿನ ಜಾಡಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ರವೆಗೆ ಹುಳ ಬಿದ್ದು ಆಗುವ ನಷ್ಟವನ್ನು ತಪ್ಪಿಸಲೆಂದು, ಅಂದರೆ ಶುದ್ಧ ಉಳಿತಾಯದ ಉದ್ದೇಶದಿಂದಲೇ, ಬಿಗಿ ಮುಚ್ಚಳದ ಒಂದು ಜಾಡಿ ಬರುತ್ತದೆ. ಪಕ್ಕದಲ್ಲಿ ಇಪ್ಪತ್ತು ವರ್ಷದಿಂದ ಉದ್ದಿನಬೇಳೆಯನ್ನು ಹೊತ್ತು ನಿಂತಿದ್ದ ಹಾರ್ಲಿಕ್ಸ್ ಬಾಟಲಿ ಅಂದಿನಿಂದ ಬಡ ನೆಂಟನಂತೆ ಕಾಣತೊಡಗುತ್ತದೆ. ಒಂದಕ್ಕೆ ಹನ್ನೆರಡು ಜಾಡಿಗಳಾಗಿ, ಅವು ಕಾಣುವಂತೆ ಗಾಜಿನ ಬಾಗಿಲಿನ ಕಪಾಟಾಗಿ, ಕಪಾಟಿಗೆ ಹೊಂದದ ಗೋಡೆಯ ಟೈಲ್ಸ್ ಕಿತ್ತು, ಮುಂದಿನ ಮಳೆಗಾಲದ ಹೊತ್ತಿಗೆ ಗಾರೆಯವನು ಮನೆಯಲ್ಲಿ ಟೀ ಕುಡಿಯುತ್ತ ಕುಳಿತಿರುತ್ತಾನೆ. ಉಳಿದದ್ದು ಕಾಲು ಕಿಲೋ ರವೆ.

ಹಾಗೆಂದು ಈ ಮನೆಗಳಿಗೆ ಉಳಿಸುವ ವಿದ್ಯೆ ತಿಳಿಯದೆಂದು ಹೇಳಿದರೆ ಅನ್ಯಾಯವಾಗುತ್ತದೆ. ಕೊಳ್ಳುವಾಗ ತೋರದ ಬಿಗಿಯನ್ನು ಬಿಸಾಡುವಾಗ ತೋರುವುದು ಇಲ್ಲಿನ ಸಂಪ್ರದಾಯ. ಹತ್ತಿಯ ಪಂಚೆಯೊಂದು ಸಮಾರಂಭದ ಉಡುಗೆಯಾಗಿ ಆರಂಭವಾಗಿ, ಮನೆಯ ಉಡುಗೆಯಾಗಿ, ನಡು ಸವೆದಾಗ ಎರಡು ಟವಲುಗಳಾಗಿ, ಅವು ಜಾಳಾದಾಗ ನುಚ್ಚಿನುಂಡೆ ಬೇಯಿಸುವ ಬಟ್ಟೆಯಾಗಿ, ಬಳಿಕ ಒಲೆಯ ಬಳಿಯ ಮಸಿಬಟ್ಟೆಯಾಗಿ, ಕಡೆಗೆ ಬಾಗಿಲ ಬಳಿ ಕಾಲು ಒರೆಸುವ ಅರಿವೆಯಾಗಿ ಮುಕ್ತಿ ಪಡೆಯುತ್ತದೆ. ಹಳೆಯ ಸೀರೆಗಳು ಉತ್ತರ ಕರ್ನಾಟಕದಲ್ಲಿ ಕೌದಿಯಾಗುತ್ತವೆ. ಒಂದರ ಮೇಲೊಂದು ಪದರ ಹಾಸಿ ಕೈಯಿಂದ ಹೊಲಿದ ಈ ಹೊದಿಕೆಯಲ್ಲಿ ಒಂದು ಮನೆತನದ ಮೂವತ್ತು ವರ್ಷಗಳ ಹಬ್ಬಗಳನ್ನು ಬಣ್ಣಬಣ್ಣವಾಗಿ ಎಣಿಸಬಹುದು. ಹಲ್ಲುಜ್ಜುವ ಬ್ರಷ್ಷು ಹಲ್ಲಿನಿಂದ ನಿವೃತ್ತಿಯಾದ ಮೇಲೆ ಕೂದಲಿನ ಬಣ್ಣಕ್ಕೆ, ಅಲ್ಲಿಂದ ಮಿಕ್ಸಿ ಜಾರಿನ ಸಂದಿಗೆ, ಕೂದಲೆಲ್ಲ ಉದುರಿದ ಮೇಲೂ ಲಂಗಕ್ಕೆ ಲಾಡಿ ಪೋಣಿಸುವ ಕಡ್ಡಿಯಾಗಿ ಸೇವೆ ಸಲ್ಲಿಸುತ್ತದೆ. ಹಾಲಿನ ಕವರುಗಳು ತೊಳೆಸಿಕೊಂಡು ಕಿಟಕಿಯ ಸರಳಿಗೆ ಅಂಟಿ ಒಣಗುತ್ತವೆ. ಹಣವನ್ನು ನೀರಿನಂತೆ ಚೆಲ್ಲಿ ಕವರನ್ನು ಹಣದಂತೆ ಕೂಡಿಡುವ ಈ ಕ್ರಮದಲ್ಲಿ ವಿರೋಧವೇನೂ ಇಲ್ಲ; ಎರಡೂ ಒಂದೇ ಮಮತೆಯ ಎರಡು ತುದಿಗಳು.

ಕೊಳ್ಳದೆಯೇ ಕೊಡುವ ಕಲೆಯಲ್ಲಿ ಮಾತ್ರ ಕನ್ನಡದ ಗೃಹಿಣಿಯರಿಗೆ ಸಾಟಿ ಹುಡುಕಲು ಶಾಂತಸಾಗರಕ್ಕೇ ಹೋಗಬೇಕಾಗುತ್ತದೆ. ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳ ‘ಕುಲಾ’ ಎಂಬ ವಿನಿಮಯ ಪದ್ಧತಿಯನ್ನು ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1922ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅಲ್ಲಿ ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲೂ ಬಿಳಿ ಚಿಪ್ಪಿನ ಕಡಗಗಳು ಎದುರು ದಿಕ್ಕಿನಲ್ಲೂ ಸುತ್ತುತ್ತಿರುತ್ತವೆ, ಯಾರೂ ಅವನ್ನು ಬಹುಕಾಲ ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದನ್ನೋದಿ ಪಂಡಿತಲೋಕ ಬೆರಗಾದ ಹೊತ್ತಿಗೆ ಮಲ್ಲೇಶ್ವರದಿಂದ ಬಸವನಗುಡಿಗೂ, ಬಸವನಗುಡಿಯಿಂದ ಮೈಸೂರಿಗೂ ರವಿಕೆ ಕಣ ಆಗಲೇ ಸುತ್ತುತ್ತಿದ್ದಿರಬೇಕು. ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ಮುತ್ತೈದೆಗೆ ಕೊಡುವ ಈ ಬ್ಲೌಸ್ ಪೀಸು ಯಾವ ಸೀರೆಗೂ ಹೊಂದದ ಬಣ್ಣದ್ದಾಗಿರುತ್ತದೆ, ಹೊಂದಿದರೆ ಅಳತೆ ಸಾಲದು. ಆದ್ದರಿಂದ ಅದು ಹೊಲಿಗೆಯ ಗಂಡಾಂತರವಿಲ್ಲದೆ, ಮಡಿಕೆ ಮುರಿಯದೆ, ಬೀರುವಿನ ಮೇಲಿನ ಚೀಲದಲ್ಲಿ ಮುಂದಿನ ನಾಮಕರಣಕ್ಕೆ ಕಾಯುತ್ತದೆ. ಇದರಲ್ಲಿರುವ ಅಪಾಯ ಒಂದೇ, ಕೊಟ್ಟವರಿಗೇ ತಿರುಗಿ ಕೊಟ್ಟುಬಿಡುವುದು. ಅದಕ್ಕಾಗಿ ಜಾಣೆಯರು ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಕೊಟ್ಟವರ ಹೆಸರಿನ ಮೊದಲಕ್ಷರ ಬರೆದಿಡುತ್ತಾರೆ. ತಾನೇ ಹಿಂದೊಮ್ಮೆ ಬರೆದ ಅಕ್ಷರವಿರುವ ಗಿಣಿಹಸಿರಿನ ಕಣವೊಂದು ನಾಲ್ಕು ವರ್ಷ ಯಾರ್ಯಾರ ಮನೆಯನ್ನೋ ಸುತ್ತಿ ಮರಳಿ ಮಡಿಲಿಗೆ ಬಿದ್ದಾಗ ಆ ಗೃಹಿಣಿಗೆ ಆಗುವ ಸಂತೋಷವು, ಬಡ್ಡಿಯಿಲ್ಲದಿದ್ದರೂ ಅಸಲು ಬಂತೆಂಬ ಸಾಲಿಗನ ಸಂತೋಷದ ಜಾತಿಗೆ ಸೇರಿದ್ದು.

ಕೊನೆಗೆ ‘ಇತರೆ’ಯ ವಿಷಯ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳನ್ನು ರದ್ದುಪಡಿಸಿದ ಸುದ್ದಿ ದೂರದರ್ಶನದಲ್ಲಿ ಬಂದಾಗ, ದೇಶದ ಉಳಿದೆಡೆಗಳಲ್ಲಿ ಏನೇನಾಯಿತೋ, ಇಲ್ಲಿನ ಎಷ್ಟೋ ಅಡುಗೆಮನೆಗಳಲ್ಲಿ ಡಬ್ಬಿಗಳ ಮುಚ್ಚಳಗಳು ಒಂದೊಂದಾಗಿ ತೆರೆದುಕೊಂಡವು. ಸಾಸಿವೆ ಡಬ್ಬಿಯ ತಳದಿಂದ, ಅಕ್ಕಿಯ ಡ್ರಮ್ಮಿನಿಂದ, ರೇಷ್ಮೆ ಸೀರೆಯ ಮಡಿಕೆಯಿಂದ ನೋಟುಗಳು ಸಾಸಿವೆಯ ಘಮದೊಡನೆ, ನುಸಿಗುಳಿಗೆಯ ವಾಸನೆಯೊಡನೆ ಹೊರಬಂದವು. ಬ್ಯಾಂಕಿನ ಸಾಲಿನಲ್ಲಿ ನಿಲ್ಲಲು ಕೊನೆಗೂ ಗಂಡನ ಕೈಗೇ ಕೊಡಬೇಕಾಗಿ ಬಂದಾಗ, ಆವರೆಗೆ ತಾನೊಬ್ಬನೇ ಸಂಸಾರದ ನೊಗ ಹೊತ್ತಿರುವೆನೆಂದು ತಿಳಿದಿದ್ದ ಯಜಮಾನನು ಅವನ್ನು ಎರಡೆರಡು ಸಲ ಎಣಿಸಿದನು. ಆ ಹಣ ಬಂದದ್ದೆಲ್ಲಿಂದ ಎಂಬುದಕ್ಕೆ ಉತ್ತರ ಖರ್ಚಿನ ಪುಸ್ತಕದಲ್ಲೇ ಇತ್ತು. ತರಕಾರಿ 100 ಎಂದು ಬರೆದ ದಿನ ಚೌಕಾಸಿಯ ಬಲದಿಂದ ಬುಟ್ಟಿ 85ಕ್ಕೇ ತುಂಬಿತ್ತು. ರದ್ದಿ ಪೇಪರಿನವನು ಕೊಟ್ಟದ್ದು ಜಮೆಯ ಕಡೆಗೆ ಬಂದಿರಲೇ ಇಲ್ಲ. 740ರ ‘ಇತರೆ’ಯಲ್ಲಿ ಕಾಲು ಭಾಗವಾದರೂ ಒಗ್ಗರಣೆಯ ದಾರಿಯಲ್ಲಿ ಸಾಗಿತ್ತು. ದುಂದೆಂದು ಯಜಮಾನನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಮುಂದಿನ ತಿಂಗಳು ಅರ್ಧಕ್ಕಿಳಿಸಬೇಕೆಂದು ಅಂಚಿನಲ್ಲಿ ಬರೆದಿದ್ದ ಆ ಒಂದು ಸಾಲಿನಲ್ಲಿಯೇ ಆ ಮನೆಯ ಉಳಿತಾಯವೆಲ್ಲ ಅಡಗಿತ್ತು. ಗುಟ್ಟು ರಟ್ಟಾದ ಮೇಲೆ ಸಾಸಿವೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಉಳಿದಿದೆ. ಪಕ್ಕದಲ್ಲಿರುವ ಮೆಂತ್ಯದ ಡಬ್ಬಿ ಈಚೆಗೆ ಸ್ವಲ್ಪ ಬೇಗ ತುಂಬುತ್ತಿರುವಂತೆ ಕಾಣುತ್ತದೆಯಾದರೂ, ಮೆಂತ್ಯ ಕಹಿಯಾದ್ದರಿಂದ ಗಂಡಸರು ಅದರ ಮುಚ್ಚಳ ತೆಗೆದು ನೋಡುವ ಪದ್ಧತಿಯಿಲ್ಲ.